ಮಡಿಕೇರಿ ಅರಮನೆಯಲ್ಲಿ ಇದ್ದವರು, ಇರದವರು

ಮಡಿಕೇರಿಯ ಕೋಟೆಗೆ ಮಕ್ಕಳನ್ನು ಪ್ರವಾಸ ಕರೆದೊಯ್ದಾಗಲೆಲ್ಲ ಅವರು ಮೊದಲು ಓಡುವುದು ಒಳಗಿನ ಗಾರೆಯ ಆನೆಗಳ ಬಳಿಗೆ. ಪಾಠ ಹೇಳುವವರಿಗೆ ಮಾತ್ರ ಇಸವಿಗಳದ್ದೇ ಚಿಂತೆ. ಒಮ್ಮೆ ಹುಡುಗಿಯೊಬ್ಬಳು, "ಟೀಚರ್, ರಾಣಿಯರ ಕೋಣೆ ಯಾವುದು?" ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಉತ್ತರವಿರದ ಪ್ರಶ್ನೆ ಅದು.

ಇಸವಿಗಳೇನೋ ಸಿಗುತ್ತವೆ. ಹಾಲೇರಿ ವಂಶದ ಮುದ್ದುರಾಜ ಹದಿನೇಳನೆಯ ಶತಮಾನದ ಕೊನೆಯಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದು ಮಣ್ಣಿನ ಕೋಟೆ ಕಟ್ಟಿಸಿದ. ಅವನ ಹೆಸರಿನ 'ಮುದ್ದುರಾಜನ ಕೇರಿ'ಯೇ ಮಡಿಕೇರಿಯಾಯಿತೆಂದು ಹೇಳುತ್ತಾರೆ. ಟಿಪ್ಪು ಸುಲ್ತಾನ್ ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡ ದೊಡ್ಡವೀರರಾಜೇಂದ್ರ 1790ರಲ್ಲಿ ಕೋಟೆಯನ್ನು ಮರಳಿ ಪಡೆದ. ಈಗ ಕಾಣುವ ಅರಮನೆಗೆ ರೂಪ ಕೊಟ್ಟವನು ಅವನ ತಮ್ಮ ಲಿಂಗರಾಜೇಂದ್ರ. ಕಾಲ 1812ರಿಂದ 1814.

ಆದರೆ ಆ ಹುಡುಗಿಯ ಪ್ರಶ್ನೆ ಹಿಡಿದು ಹೊರಟರೆ ಇತಿಹಾಸ ಬೇರೆಯದೇ ಮುಖ ತೋರಿಸುತ್ತದೆ. ದೊಡ್ಡವೀರರಾಜೇಂದ್ರನಿಗೆ ಗಂಡುಮಕ್ಕಳಿರಲಿಲ್ಲ. ಮಗಳು ದೇವಮ್ಮಾಜಿಗೇ ಪಟ್ಟ ಸಲ್ಲಬೇಕೆಂದು ಅವನ ಆಸೆ. 1809ರಲ್ಲಿ ಅವನು ತೀರಿಕೊಂಡಾಗ ಅವಳಿನ್ನೂ ಬಾಲಕಿ. ಅವಳ ಹೆಸರಿನಲ್ಲಿ ಆಡಳಿತ ನೋಡಿಕೊಳ್ಳಬೇಕಾದ ಚಿಕ್ಕಪ್ಪ ಲಿಂಗರಾಜೇಂದ್ರ 1811ರಲ್ಲಿ ತಾನೇ ರಾಜನೆಂದು ಸಾರಿಕೊಂಡ. ನಾವು ತಲೆಯೆತ್ತಿ ನೋಡುವ ಅರಮನೆಯ ಅಂದ, ಹೀಗೆ ಒಬ್ಬ ಹುಡುಗಿಯ ಕೈತಪ್ಪಿದ ಪಟ್ಟದ ಮೇಲೆ ನಿಂತಿದೆ.

ಲಿಂಗರಾಜೇಂದ್ರನ ಮಗ ಚಿಕವೀರರಾಜೇಂದ್ರನ ತಂಗಿಯ ಹೆಸರೂ ದೇವಮ್ಮಾಜಿಯೇ. ಅಣ್ಣನ ಭಯಕ್ಕೆ ಅವಳು ಗಂಡ ಚೆನ್ನಬಸವನೊಂದಿಗೆ 1832ರಲ್ಲಿ ಕೊಡಗು ಬಿಟ್ಟು ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಆಶ್ರಯಕ್ಕೆ ಹೋದಳು. ಅವರನ್ನು ಒಪ್ಪಿಸೆಂದು ರಾಜ, ಒಪ್ಪಿಸೆವೆಂದು ಕಂಪನಿ. ಮನೆಯ ಜಗಳ ರಾಜ್ಯದ ಜಗಳವಾಯಿತು. 1834ರಲ್ಲಿ ಕಂಪನಿಯ ಸೈನ್ಯ ಬಂತು, ಕೊಡಗು ಬ್ರಿಟಿಷರದಾಯಿತು, ರಾಜ ಪರಿವಾರದೊಂದಿಗೆ ಕಾಶಿಗೆ ಹೊರಟ.

ಅವನ ಮಗಳು ಗೌರಮ್ಮ ಹುಟ್ಟಿದ್ದು ಕಾಶಿಯಲ್ಲಿ, 1841ರಲ್ಲಿ. 1852ರಲ್ಲಿ ತಂದೆ ಅವಳನ್ನು ಲಂಡನ್ನಿಗೆ ಕರೆದೊಯ್ದ. ಕಂಪನಿಯಲ್ಲಿ ಸಿಕ್ಕಿಕೊಂಡಿದ್ದ ದುಡ್ಡಿಗಾಗಿ ಅವನು ಅಲ್ಲಿ ದಾವೆ ಹೂಡಿದ. ಅದೇ ವರ್ಷ ಬಾಲಕಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಜ್ಞಾನಮಾತೆಯಾಗಿ ನಿಂತು ತನ್ನ ಹೆಸರು ಕೊಟ್ಟಳು. ತಂದೆ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಗೌರಮ್ಮ ಆಂಗ್ಲ ಸೇನಾಧಿಕಾರಿಯೊಬ್ಬನನ್ನು ಮದುವೆಯಾಗಿ, ಒಂದು ಹೆಣ್ಣುಮಗುವಿನ ತಾಯಿಯಾಗಿ, 1864ರಲ್ಲಿ ಕಣ್ಣುಮುಚ್ಚಿದಳು. ಬೇರೆ ರಾಣಿಯ ಅರಮನೆ ಕಂಡ ಈ ಮಗಳು ತನ್ನ ತಾತನ ಅರಮನೆಯ ಹೊಸಿಲು ತುಳಿಯಲೇ ಇಲ್ಲ.

ಇತ್ತ ಖಾಲಿಯಾದ ಕೋಟೆ ಸುಮ್ಮನಿರಲಿಲ್ಲ. ವೀರಭದ್ರನ ಗುಡಿಯಿದ್ದಲ್ಲಿ 1850ರ ದಶಕದಲ್ಲಿ ಸೇಂಟ್ ಮಾರ್ಕ್ಸ್ ಚರ್ಚು ಎದ್ದಿತು. 1933ರಲ್ಲಿ ಅರಮನೆಗೆ ಗಡಿಯಾರದ ಗೋಪುರ, ಕಮಿಷನರರ ಮೋಟಾರು ನಿಲ್ಲಲು ಪೋರ್ಟಿಕೋ ಸೇರಿದವು. ಸ್ವಾತಂತ್ರ್ಯಾನಂತರ ಕೊಡಗು ಪುಟ್ಟ ರಾಜ್ಯವಾಗಿದ್ದಾಗ ಅದರ ವಿಧಾನಸಭೆಯೂ ಕೋಟೆಯ ಆವರಣದಲ್ಲೇ ಸೇರುತ್ತಿತ್ತು. 1956ರಲ್ಲಿ ಮೈಸೂರು ರಾಜ್ಯದೊಡನೆ ವಿಲೀನವಾದ ಮೇಲೆ ಅರಮನೆ ಜಿಲ್ಲೆಯ ಕಚೇರಿಯಾಗಿ ಮುಂದುವರಿಯಿತು. ಚರ್ಚು ಈಗ ವಸ್ತುಸಂಗ್ರಹಾಲಯ. ಕೋಟೆ ಗಣಪತಿಗೆ ಮಾತ್ರ ಇಂದಿಗೂ ಪೂಜೆ ನಡೆಯುತ್ತಿದೆ.

ರಾಜರು ಹೋದ ಮೇಲೂ ಈ ಕಟ್ಟಡ ಉಳಿದದ್ದಕ್ಕೆ ಜನ ಅದನ್ನು ಬಳಸಿದ್ದೇ ಒಂದು ಕಾರಣವೆನ್ನಬಹುದು. ರೈತ ಪಹಣಿಗಾಗಿ, ವಿಧವೆ ಪಿಂಚಣಿಗಾಗಿ ರಾಜನ ಬಾಗಿಲಿಗೆ ಅಂಜದೆ ಬಂದರಲ್ಲ, ಅದೂ ಇತಿಹಾಸವೇ. ಆದರೆ ಕಡತದ ರಾಶಿಯ ನಡುವೆ ಕೊಡಗಿನ ಮಳೆಗೆ ಸೋರುತ್ತಿದ್ದ ಮಾಡನ್ನು ನೋಡುವವರು ಕಡಿಮೆಯಿದ್ದರು. ದುರಸ್ತಿಗಾಗಿ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಬೇಕಾಯಿತು. ಬಳಸುವುದು ಬೇರೆ, ಬಾಳಿಸುವುದು ಬೇರೆ.

ಮಾಡಿನ ಹೆಂಚು ಸರಿಮಾಡುವಾಗ ಗೋಡೆಯ ಮೇಲೊಂದು ಫಲಕವನ್ನೂ ಹಾಕಲಿ. ಅದರಲ್ಲಿ ಕಟ್ಟಿದ ರಾಜರ ಜೊತೆಗೆ ಪಟ್ಟ ಸಿಗದ ದೇವಮ್ಮಾಜಿ, ಓಡಿಹೋದ ದೇವಮ್ಮಾಜಿ, ಬಾರದ ಗೌರಮ್ಮ ಇವರ ಹೆಸರೂ ಇರಲಿ. ಮುಂದಿನ ಪ್ರವಾಸಕ್ಕೆ ಬರುವ ಮೇಷ್ಟ್ರಿಗೆ, ಟೀಚರಿಗೆ ಅಷ್ಟಾದರೂ ಆಧಾರ ಸಿಕ್ಕೀತು.