ಪಂಜಿನ ಬೆಳಕೂ ಮಸೂರದ ಬೆಳಕಿಂಡಿಯೂ



1854ರಲ್ಲಿ ಮದರಾಸು ಸೇನೆಯ ಅಧಿಕಾರಿ ಲಿನೇಯಸ್ ಟ್ರೈಪ್ ಎಂಬುವನು ಹಳೇಬೀಡು ಮತ್ತು ಬೇಲೂರುಗಳಿಗೆ ಬಂದು ಹೊಯ್ಸಳ ದೇಗುಲಗಳ ಛಾಯಾಚಿತ್ರಗಳನ್ನು ತೆಗೆದನು. ಅವನು ಬಳಸಿದ್ದು ಕಾಗದದ ನೆಗೆಟಿವ್. ಅದರ ಮೇಲೆ ಚಿತ್ರ ಮೂಡಬೇಕಾದರೆ ಹಗಲಿನಲ್ಲಿಯೂ ನಿಮಿಷಗಟ್ಟಲೆ ಬೆಳಕು ಬೀಳಬೇಕಾಗಿತ್ತು. ಕಲ್ಲಿಗೆ ಅದೊಂದು ತೊಂದರೆಯೇ ಅಲ್ಲ. ಆದ್ದರಿಂದ ನಮ್ಮ ಶಿಲ್ಪಗಳ ಆ ಕಾಲದ ರೂಪವು ಇಂದಿಗೂ ನಮಗೆ ದೊರೆಯುತ್ತದೆ. ಆದರೆ ಮಲೆ ಮಹದೇಶ್ವರ ಬೆಟ್ಟದ ಜಾತ್ರೆಯ ಇರುಳಿನಲ್ಲಿ, ಪಂಜಿನ ಬೆಳಕಿನಲ್ಲಿ ಕಂಸಾಳೆ ಬೀಸಿ ಕುಣಿಯುವ ದೇವರಗುಡ್ಡರ ರೂಪವನ್ನು ಹಿಡಿಯಬಲ್ಲ ಕ್ಯಾಮೆರಾ ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ.

ಹನೂರಿನ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬರು ಇತ್ತೀಚೆಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದರು: "ಸಾರ್, ದೀಪಾವಳಿಯ ಜಾತ್ರೆಯಲ್ಲಿ ಫ್ಲಾಶ್ ಹಾಕದೆ ಕಂಸಾಳೆಯ ಚಿತ್ರ ತೆಗೆಯಬೇಕೆಂದಿದ್ದೇನೆ. ನನ್ನದು ಮಿರರ್‌ಲೆಸ್ ಕ್ಯಾಮೆರಾ. ಎಫ್/0.95ರ, ಕೈಯಿಂದಲೇ ಫೋಕಸ್ ಮಾಡುವ ಮಸೂರವನ್ನು ಕೊಳ್ಳಬಹುದೇ?" ಈ ಪ್ರಶ್ನೆಗೆ ಉತ್ತರವು ಇತಿಹಾಸದಲ್ಲಿಯೇ ಇದೆ. ಆದುದರಿಂದ ಎಲ್ಲರೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಗಣಿತ. ಮಸೂರದ ಸಂಗಮದೂರವನ್ನು ಅದರ ಬೆಳಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. 50 ಮಿ.ಮೀ. ಮಸೂರಕ್ಕೆ 25 ಮಿ.ಮೀ. ಬೆಳಕಿಂಡಿಯಿದ್ದರೆ ಅದು ಎಫ್/2. ಅದೇ ಮಸೂರ ಎಫ್/0.95 ಆಗಬೇಕಾದರೆ ಬೆಳಕಿಂಡಿ ಸುಮಾರು 53 ಮಿ.ಮೀ. ಇರಬೇಕು. ಸಂಖ್ಯೆ ಕಿರಿದಾದಷ್ಟೂ ಕಿಂಡಿ ಹಿರಿದು. ಎಫ್/2ಕ್ಕಿಂತ ಎಫ್/0.95 ಸುಮಾರು 4.4 ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಎಫ್/2ರಲ್ಲಿ ಸೆಕೆಂಡಿನ 60ನೆಯ ಒಂದು ಭಾಗ ಬೇಕಾದಲ್ಲಿ ಇಲ್ಲಿ 250ನೆಯ ಒಂದು ಭಾಗವೇ ಸಾಕು. ಬೀಸುವ ಕೈ ಕಲಸಿಹೋಗದೆ ಮೂಡುವುದು ಈ ವ್ಯತ್ಯಾಸದಿಂದಲೇ.

ಈ ಕಿಂಡಿಯನ್ನು ಹಿಗ್ಗಿಸುವ ಪ್ರಯತ್ನ ಬಹಳ ಹಳೆಯದು. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ಎಫ್/3.6ರ ಮಸೂರವನ್ನು ರೂಪಿಸಿದನು. ಮನುಷ್ಯರ ಮುಖಚಿತ್ರ ತೆಗೆಯುವುದು ಅಂದಿನಿಂದ ಸುಲಭವಾಯಿತು. ಆದರೂ ರಾತ್ರಿಯ ಚಿತ್ರಗಳಿಗೆ ಬೆಳಕು ಸಾಲುತ್ತಿರಲಿಲ್ಲ. 1887ರಲ್ಲಿ ಮೆಗ್ನೀಸಿಯಂ ಪುಡಿ ಸುಟ್ಟು ಬೆಳಕು ಮಾಡುವ ಕ್ರಮ ಬಂದಿತು. ಕತ್ತಲೆ ನೀಗಿತು, ಆದರೆ ಅಲ್ಲಿದ್ದ ಸಹಜವಾದ ಬೆಳಕೂ ಅದರೊಡನೆ ಅಳಿಸಿಹೋಯಿತು. 1924ರಲ್ಲಿ ಜರ್ಮನಿಯಲ್ಲಿ ಲುಡ್ವಿಗ್ ಬರ್ಟೆಲೆಯ ಎಫ್/2 ಅರ್ನೋಸ್ಟಾರ್ ಮಸೂರವುಳ್ಳ ಅರ್ಮನಾಕ್ಸ್ ಕ್ಯಾಮೆರಾ ಬಂದ ಮೇಲೆಯೇ ಎರಿಕ್ ಸಾಲೋಮನ್ ಎಂಬ ವರದಿಗಾರ ನ್ಯಾಯಾಲಯಗಳಲ್ಲಿಯೂ ರಾಜತಾಂತ್ರಿಕರ ಸಭೆಗಳಲ್ಲಿಯೂ ಜನರನ್ನು ಅವರಿದ್ದಂತೆಯೇ, ಅಲ್ಲಿಯ ಬೆಳಕಿನಲ್ಲಿಯೇ ಚಿತ್ರಿಸಿದನು. ಯಹೂದಿಯಾಗಿದ್ದ ಆತ 1944ರಲ್ಲಿ ಆಶ್ವಿಟ್ಸ್ ಶಿಬಿರದಲ್ಲಿ ಕೊಲ್ಲಲ್ಪಟ್ಟನು. ಚಿತ್ರಗಳು ಉಳಿದಿವೆ.

ನಮ್ಮ ಸೀಮೆಯ ಕಥೆ ಬೇರೆ. 1902ರಲ್ಲಿ ನಮ್ಮ ಮಗ್ಗುಲಿನ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಕೊಳ್ಳೇಗಾಲವಾದರೋ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಇಲ್ಲಿಯ ಹಳ್ಳಿಗಳಿಗೆ ವಿದ್ಯುತ್ತು ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಹಾಡು, ಕುಣಿತ, ಕಥೆ ಎಲ್ಲವೂ ಹಣತೆ, ಲಾಟೀನು, ಪಂಜುಗಳ ಬೆಳಕಿನಲ್ಲಿಯೇ ನಡೆದವು.

ಆ ಬೆಳಕಿಗೆ ಸಾಲುವಂತಹ ಮಸೂರಗಳು ಆಮೇಲೆ ಬಂದವು. 1961ರಲ್ಲಿ ಕ್ಯಾನನ್ 50 ಮಿ.ಮೀ. ಎಫ್/0.95 ಮಸೂರವನ್ನು ಹೊರತಂದಿತು. ಝೈಸ್ ಕಂಪನಿ ಅಮೆರಿಕದ ನಾಸಾ ಸಂಸ್ಥೆಗಾಗಿ ಎಫ್/0.7ರ ಪ್ಲಾನಾರ್ ತಯಾರಿಸಿತು. ನಿರ್ದೇಶಕ ಸ್ಟಾನ್ಲಿ ಕ್ಯೂಬ್ರಿಕ್ ಆ ಮಸೂರವನ್ನು ಕೊಂಡು 1975ರ 'ಬ್ಯಾರಿ ಲಿಂಡನ್' ಚಿತ್ರದಲ್ಲಿ ಬರೇ ಮೋಂಬತ್ತಿಯ ಬೆಳಕಿನಲ್ಲಿ ದೃಶ್ಯಗಳನ್ನು ಚಿತ್ರೀಕರಿಸಿದನು. ಆದರೆ ಬೆಳಕಿಂಡಿ ಹಿಗ್ಗಿದಂತೆಲ್ಲ ಸ್ಪಷ್ಟವಾಗಿ ಮೂಡುವ ಆಳ ಕುಗ್ಗುತ್ತದೆ. ಆದ್ದರಿಂದ ಆ ದೃಶ್ಯಗಳಲ್ಲಿ ನಟರು ಹೆಚ್ಚು ಅಲುಗಾಡದೆ ಕುಳಿತಿರಬೇಕಾಯಿತು.

ನಮ್ಮ ಪ್ರಶ್ನೆಯ ಗಂಟು ಇಲ್ಲಿದೆ. ಕಂಸಾಳೆಯವರು ಕುಳಿತಿರುವವರಲ್ಲ. ಎಡಗೈಯ ಬಟ್ಟಲಿಗೆ ಬಲಗೈಯ ದಾರದ ತಾಳವನ್ನು ಬೀಸಿ ಬಡಿಯುತ್ತ, ಬಾಗುತ್ತ, ಸುತ್ತುತ್ತ ಕುಣಿಯುವವರು. ಪೂರ್ಣ ಗಾತ್ರದ ಸಂವೇದಕದ ಕ್ಯಾಮೆರಾದಲ್ಲಿ 50 ಮಿ.ಮೀ. ಎಫ್/0.95 ಮಸೂರವನ್ನು ಎರಡು ಮೀಟರ್ ದೂರಕ್ಕೆ ಹೊಂದಿಸಿದರೆ ಸ್ಪಷ್ಟವಾಗಿರುವ ಆಳ ಸುಮಾರು 9 ಸೆಂ.ಮೀ. ಮಾತ್ರ. ಮುಖ ಸರಿಯಾದರೆ ಕೈ ಮಸುಕು, ಕೈ ಸರಿಯಾದರೆ ಮುಖ ಮಸುಕು. ನಾಲ್ಕು ಮೀಟರ್ ದೂರ ನಿಂತರೆ ಅದು 36 ಸೆಂ.ಮೀ. ಆಗುತ್ತದೆ. ಎಫ್/1.4ರಲ್ಲಿ ಅದೇ ದೂರಕ್ಕೆ 54 ಸೆಂ.ಮೀ.; ಬೆಳಕು ಮಾತ್ರ ಅರ್ಧಕ್ಕಿಂತ ತುಸು ಕಡಿಮೆ.

2008ರಲ್ಲಿ ಪ್ಯಾನಾಸೋನಿಕ್ ಜಿ1ರಿಂದ ಆರಂಭವಾದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯಿಲ್ಲ. ಮಸೂರವು ಸಂವೇದಕದ ಹತ್ತಿರ ಕೂರುವುದರಿಂದ ಹಳೆಯ ಮಸೂರಗಳನ್ನೂ ಅಡಾಪ್ಟರ್ ಮೂಲಕ ಜೋಡಿಸಬಹುದು. ಮಿಗಿಲಾಗಿ, ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಿ ಕೈಯಿಂದ ಫೋಕಸ್ ಮಾಡಬಹುದು. ಚಿಕ್ಕ ಸಂವೇದಕದ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳಿಗೆ 2010ರಲ್ಲಿ ವಾಯ್ಟ್‌ಲೆಂಡರ್ ಹೆಸರಿನಲ್ಲಿ 25 ಮಿ.ಮೀ. ಎಫ್/0.95 ಬಂದಿತು. ಅದರಲ್ಲಿ ನಾಲ್ಕು ಮೀಟರಿಗೆ ಸುಮಾರು 73 ಸೆಂ.ಮೀ. ಆಳ ಸಿಗುತ್ತದೆ, ಚಿತ್ರದಲ್ಲಿ ಕಾಳುಕಾಳಾದ ಮಚ್ಚೆ ತುಸು ಹೆಚ್ಚು. ನಿಕಾನ್‌ನ 2019ರ 58 ಮಿ.ಮೀ. ಎಫ್/0.95 ಮಸೂರವೊಂದೇ ಎರಡು ಕೆ.ಜಿ. ತೂಗುತ್ತದೆ, ಅದನ್ನು ಹೊತ್ತು ಬೆಟ್ಟದ ಜನಸಂದಣಿಯಲ್ಲಿ ಇರುಳೆಲ್ಲ ನಿಲ್ಲುವುದು ಕಷ್ಟ.

ಆದುದರಿಂದ ನನ್ನ ಸಲಹೆ ಇಷ್ಟು. ಕ್ಯಾಮೆರಾ ಚಿಕ್ಕ ಸಂವೇದಕದ್ದಾದರೆ ಎಫ್/0.95 ಕೊಳ್ಳಿರಿ. ಪೂರ್ಣ ಗಾತ್ರದ್ದಾದರೆ ಎಫ್/1.4 ಸಾಕು, ಉಳಿದ ಬೆಳಕಿನ ಕೊರತೆಯನ್ನು ಇಂದಿನ ಸಂವೇದಕಗಳು ತುಂಬಿಕೊಡುತ್ತವೆ. ಕುಣಿಯುವವರ ಹಿಂದೆ ಫೋಕಸ್ ತಿರುಗಿಸುತ್ತ ಓಡಬೇಡಿ. ಅವರು ಮತ್ತೆ ಮತ್ತೆ ಬಂದು ನಿಲ್ಲುವ ಒಂದು ಜಾಗಕ್ಕೆ ಹೊಂದಿಸಿಟ್ಟು ಕಾಯಿರಿ. ಎರಡು ಪದ ಮುಗಿಯುವಷ್ಟರಲ್ಲಿ ಅವರ ಹೆಜ್ಜೆಯ ಲಯ ನಿಮಗೂ ತಿಳಿಯುತ್ತದೆ.

ಇನ್ನೆರಡು ಮಾತು. ಅದು ಅವರ ಹರಕೆ, ಅವರ ಸೇವೆ. ಮುಂಚಿತವಾಗಿ ಕೇಳಿಯೇ ಚಿತ್ರ ತೆಗೆಯಿರಿ. ತೆಗೆದ ಮೇಲೆ ಅವರ ಒಪ್ಪಿಗೆಯಿಂದ ಹೆಸರು, ಊರು, ಗುರುಗಳ ಹೆಸರು, ದಿನಾಂಕಗಳನ್ನು ಬರೆದಿಟ್ಟು, ಒಂದು ಪ್ರತಿಯನ್ನು ಅವರ ಮನೆಗೂ ಮುಟ್ಟಿಸಿರಿ. ನೂರು ವರ್ಷ ಕಳೆದ ಮೇಲೆ ಆ ಚಿತ್ರವನ್ನು ನೋಡುವವರಿಗೆ ಮಸೂರ ಯಾವುದೆಂಬುದು ಬೇಕಾಗುವುದಿಲ್ಲ, ಕುಣಿದವರು ಯಾರೆಂಬುದು ಬೇಕಾಗುತ್ತದೆ.

ಶುಭವಾಗಲಿ.