ತಿರುಗಿಬೀಳುವ ಸಾಕುಪ್ರಾಣಿ (ಚಲನಚಿತ್ರ)

ಮನೆಯಲ್ಲಿ ಸಾಕಿದ ನಾಯಿ, ಬೆಕ್ಕು, ಇಲಿಗಳು ಮನುಷ್ಯನ ಮೇಲೆಯೇ ಎರಗುವ ಕಥೆಯುಳ್ಳ ಭಯಾನಕ ಚಿತ್ರಗಳ ಒಂದು ಬಗೆ. 1960ರಿಂದ 1980ರ ದಶಕದವರೆಗೆ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಹುಲುಸಾಗಿ ಬೆಳೆಯಿತು. ಕನ್ನಡದಲ್ಲಿ ಇದೇ ಸರಕು ಬೇರೆ ದಾರಿ ಹಿಡಿಯಿತು. ಇಲ್ಲಿ ನಾಯಿ ಕಚ್ಚಿದ್ದು ಒಡೆಯನನ್ನಲ್ಲ, ಒಡೆಯನನ್ನು ಕೊಂದವರನ್ನು.

ಇದರ ಬೇರು ಸಾಹಿತ್ಯದಲ್ಲಿದೆ. ಎಡ್ಗರ್ ಅಲನ್ ಪೋ 1843ರಲ್ಲಿ ಪ್ರಕಟಿಸಿದ ‘ದಿ ಬ್ಲ್ಯಾಕ್ ಕ್ಯಾಟ್’ ಕಥೆಯಲ್ಲಿ ಕುಡುಕನೊಬ್ಬ ಹೆಂಡತಿಯನ್ನು ಕೊಂದು ಗೋಡೆಯೊಳಗೆ ಹೂಳುತ್ತಾನೆ. ಜೊತೆಗೇ ಸಿಕ್ಕಿಕೊಂಡ ಬೆಕ್ಕು ಕಿರುಚಿ ಅವನನ್ನು ಪೊಲೀಸರ ಕೈಗೆ ಕೊಡುತ್ತದೆ. ಜಾನ್ ಗಿಲ್ಲಿಂಗ್ ನಿರ್ದೇಶನದ ಬ್ರಿಟಿಷ್ ಚಿತ್ರ ‘ದಿ ಶ್ಯಾಡೊ ಆಫ್ ದಿ ಕ್ಯಾಟ್’ (1961) ಇದೇ ಜಾಡಿನದು: ಒಡತಿಯ ಕೊಲೆ ಕಂಡ ಬೆಕ್ಕು ಕೊಲೆಗಾರರ ಬೆನ್ನು ಬಿಡುವುದಿಲ್ಲ. ಎರಡು ವರ್ಷದ ಬಳಿಕ ಬಂದ ಹಿಚ್‌ಕಾಕ್‌ನ ‘ದಿ ಬರ್ಡ್ಸ್’ ಸಾಕುಪ್ರಾಣಿ ಮಾರುವ ಅಂಗಡಿಯಲ್ಲೇ ಆರಂಭವಾಗುತ್ತದೆ. ಆದರೆ ಊರಿನ ಮೇಲೆ ಎರಗುವುದು ಹೊರಗಿನ ಹಕ್ಕಿಗಳು. ಪಂಜರದ ಜೋಡಿ ಯಾರ ತಂಟೆಗೂ ಹೋಗುವುದಿಲ್ಲ. ಸಾಕಿದ್ದೇ ಮುಳುವಾದ ಕಥೆ ಹೇಳಿದ್ದು ‘ವಿಲ್ಲರ್ಡ್’ (1971). ಒಂಟಿ ಗುಮಾಸ್ತನೊಬ್ಬ ಇಲಿಗಳನ್ನು ಸಾಕಿ, ಪಳಗಿಸಿ, ಮೇಲಧಿಕಾರಿಯ ಮೇಲೆ ಛೂ ಬಿಡುತ್ತಾನೆ. ಕೊನೆಗೆ ಅವನೂ ಅವುಗಳ ಬಾಯಿಗೇ ತುತ್ತು.

ನಾಯಿಗಳ ಸರದಿ ಬಂದದ್ದು ಆ ದಶಕದ ಉತ್ತರಾರ್ಧದಲ್ಲಿ. ‘ದಿ ಓಮೆನ್’ (1976) ರಾಟ್‌ವೈಲರ್ ತಳಿಯನ್ನು ಸೈತಾನನ ಕಾವಲಿಗೆ ನಿಲ್ಲಿಸಿತು. ಅದೇ ವರ್ಷ ‘ಡಾಗ್ಸ್’ ಬಂತು. 1978ರಲ್ಲಿ ಟೆಲಿವಿಷನ್‌ಗೆಂದೇ ತಯಾರಾದ ‘ಡೆವಿಲ್ ಡಾಗ್’ನಲ್ಲಿ ಮಕ್ಕಳು ಮುದ್ದಿನಿಂದ ತಂದ ಮರಿಯೇ ಪಿಶಾಚಿ. ಇವುಗಳಲ್ಲಿ ಹೆಚ್ಚಿನವು ಮರೆತರೂ ನಷ್ಟವಿಲ್ಲದವು.

ಮರೆಯಬಾರದ್ದು ‘ದಿ ಪ್ಯಾಕ್’ (1977). ‘ಎಂಟರ್ ದಿ ಡ್ರ್ಯಾಗನ್’ ಖ್ಯಾತಿಯ ರಾಬರ್ಟ್ ಕ್ಲೌಸ್ ಇದರ ನಿರ್ದೇಶಕ, ಡೇವಿಡ್ ಫಿಷರ್ ಅವರ ಕಾದಂಬರಿ ಆಧಾರ. ಬೇಸಿಗೆ ಕಳೆಯಲು ದ್ವೀಪಕ್ಕೆ ಬರುವ ಪಟ್ಟಣಿಗರು ಮಕ್ಕಳ ಆಟಕ್ಕೆಂದು ನಾಯಿ ತರುತ್ತಾರೆ, ರಜೆ ಮುಗಿದಾಗ ಅಲ್ಲೇ ಬಿಟ್ಟು ದೋಣಿ ಹತ್ತುತ್ತಾರೆ. ಹಸಿದ ನಾಯಿಗಳು ಗುಂಪು ಕಟ್ಟುತ್ತವೆ. ಇಲ್ಲಿ ಭೂತವಿಲ್ಲ, ಶಾಪವಿಲ್ಲ, ವಿಜ್ಞಾನಿಯ ಎಡವಟ್ಟಿಲ್ಲ. ಉಂಡ ಮನೆಗೆ ಎರಡು ಬಗೆದದ್ದು ನಾಯಿಯಲ್ಲ, ಅನ್ನ ಹಾಕಿದ ಕೈಯೇ ಮೊದಲು ದ್ರೋಹ ಮಾಡಿತು ಎಂದು ನೇರವಾಗಿ ಹೇಳಿದ್ದು ಇದರ ಹೆಚ್ಚುಗಾರಿಕೆ.

ಇದರ ನಾಯಿಗಳನ್ನು ಪಳಗಿಸಿದ ಕಾರ್ಲ್ ಲೂಯಿಸ್ ಮಿಲ್ಲರ್ ಅವರೇ ‘ಕುಜೊ’ (1983) ಚಿತ್ರಕ್ಕೂ ಕೆಲಸ ಮಾಡಿದರು. ಸ್ಟೀಫನ್ ಕಿಂಗ್ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಬಾವಲಿ ಕಚ್ಚಿ ಹುಚ್ಚು ಹಿಡಿದ ಸೇಂಟ್ ಬರ್ನಾರ್ಡ್ ನಾಯಿಯೊಂದು ತಾಯಿ–ಮಗುವನ್ನು ಕಾರಿನೊಳಗೇ ದಿಗ್ಬಂಧನ ಮಾಡುತ್ತದೆ. ಚಿತ್ರೀಕರಣದ ಕಷ್ಟ ಮಾತ್ರ ನಗು ತರಿಸುವಂಥದು. ನಾಯಿಗಳು ಕಾರಿಗೆ ಮುಗಿಬೀಳಲೆಂದು ಒಳಗೆ ಅವುಗಳ ಆಟಿಕೆ ಇಡುತ್ತಿದ್ದರು. ಅವು ಖುಷಿಯಿಂದ ಬಾಲ ಅಲ್ಲಾಡಿಸುತ್ತಿದ್ದುದರಿಂದ ಬಾಲವನ್ನು ಕಟ್ಟಿಹಾಕಬೇಕಾಯಿತು. ಬಾಯಿಯ ನೊರೆ ಮೊಟ್ಟೆಯ ಬಿಳಿಭಾಗ ಮತ್ತು ಸಕ್ಕರೆಯದು, ಅದನ್ನೂ ನೆಕ್ಕಿ ಮುಗಿಸುತ್ತಿದ್ದವು. ಹುಚ್ಚುನಾಯಿಯ ಭಯ ನಮ್ಮ ಹಳ್ಳಿಗಳಿಗೆ ಸಿನಿಮಾ ಕಲಿಸಿದ್ದಲ್ಲ. ಹುಚ್ಚುನಾಯಿ ಕಡಿತಕ್ಕೆ ಚಿಕಿತ್ಸೆ ನೀಡಲೆಂದು ಕೂನೂರಿನಲ್ಲಿ 1907ರಲ್ಲೇ ಪಾಶ್ಚರ್ ಸಂಸ್ಥೆ ಆರಂಭವಾಗಿತ್ತು.

ಹೀಗಿದ್ದೂ ಕನ್ನಡ ಚಿತ್ರರಂಗ ನಾಯಿಯನ್ನು ರಾಕ್ಷಸನನ್ನಾಗಿ ಮಾಡುವ ಗೋಜಿಗೆ ಹೋಗಲಿಲ್ಲ. ಭಯ ಹುಟ್ಟಿಸುವ ಕೆಲಸ ದೆವ್ವದ್ದು. ‘ನಾ ನಿನ್ನ ಬಿಡಲಾರೆ’ (1979) ಅದಕ್ಕೆ ಮಾದರಿ. ಪ್ರಾಣಿಯ ಸೇಡೆಂದರೆ ಹಾವಿನದು. ನಾಯಿಯ ಸ್ಥಾನ ಬೇರೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನ, ಹಂದಿಯೊಂದಿಗೆ ಕಾದಾಡಿ ಸತ್ತ ‘ಕಾಳಿ’ ಎಂಬ ನಾಯಿಯ ನೆನಪನ್ನು ಕಲ್ಲಿನಲ್ಲಿ ಉಳಿಸಿದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪಂಚತಂತ್ರದ ಮುಂಗುಸಿ ಕಥೆಯಲ್ಲೂ ತಪ್ಪು ಮಾಡುವುದು ಮನುಷ್ಯರೇ: ಮಗುವನ್ನು ಹಾವಿನಿಂದ ಉಳಿಸಿದ ಮುಂಗುಸಿಯನ್ನು ಮನೆಯವರೇ ಕೊಲ್ಲುತ್ತಾರೆ.

ಹರಿಹರ–ದಾವಣಗೆರೆ ಸೀಮೆಯಲ್ಲಿ ಈ ಭಾವನೆಗೆ ದೇವರ ಬಲವೂ ಇದೆ. ಹರಿಹರ ತಾಲ್ಲೂಕಿನಿಂದ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು ಸೀಮೆ, ಅಲ್ಲಿ ಮೈಲಾರಲಿಂಗನ ದೇವರಗುಡ್ಡ. ಕರಿಕಂಬಳಿ ಹೊದ್ದ ಗೊರವರು ತಾವು ದೇವರ ನಾಯಿಗಳೆಂದು ಬೊಗಳುತ್ತಾ ಬಂದು, ಕಟ್ಟಿಗೆಯ ದೋಣಿಗೆ ಭಕ್ತರು ಸುರಿದ ಹಾಲು, ಬಾಳೆಹಣ್ಣುಗಳನ್ನು ಬಾಗಿ ಬಾಯಿಂದಲೇ ತಿನ್ನುತ್ತಾರೆ. ಇದನ್ನು ಕಂಡು ಬೆಳೆದು, ಸಿನಿಮಾಕ್ಕೆಂದು ದಾವಣಗೆರೆಯ ಅಶೋಕ, ಗೀತಾಂಜಲಿ, ತ್ರಿಶೂಲ್‌ ಟಾಕೀಸುಗಳಿಗೆ ಹೋಗುತ್ತಿದ್ದ ಪ್ರೇಕ್ಷಕನಿಗೆ ಸೈತಾನ ಹೊಕ್ಕ ನಾಯಿಮರಿಯ ಕಥೆ ರುಚಿಸುವುದು ಕಷ್ಟವಿತ್ತು.

ಅವನಿಗೆ ಒಪ್ಪುವ ಕಥೆ ಕೊಟ್ಟವರು ವಿಜಯ್ ರೆಡ್ಡಿ. ‘ಗಂಧದ ಗುಡಿ’ (1973), ‘ಮಯೂರ’ (1975), ‘ಸನಾದಿ ಅಪ್ಪಣ್ಣ’ (1977) ಚಿತ್ರಗಳ ಈ ನಿರ್ದೇಶಕ 1984ರಲ್ಲಿ ಶಂಕರ್‌ನಾಗ್ ಅಭಿನಯದ ‘ತಾಳಿಯ ಭಾಗ್ಯ’ ಮಾಡಿದರು. ಮರುವರ್ಷ ಅದೇ ಕಥೆಯನ್ನು ಜಾಕಿ ಶ್ರಾಫ್ ಜೊತೆ ಹಿಂದಿಯಲ್ಲಿ ‘ತೇರಿ ಮೆಹರ್ಬಾನಿಯಾಂ’ ಎಂದು ತೆಗೆದರು. ಒಡೆಯನ ಕೊಲೆಯನ್ನು ಕಂಡ ನಾಯಿ ಕೊಲೆಗಾರರನ್ನು ಒಬ್ಬೊಬ್ಬರಾಗಿ ಹುಡುಕಿ ಮುಗಿಸುತ್ತದೆ. ಬೇಟೆ, ರಕ್ತ, ಮನುಷ್ಯನ ಕಿರುಚಾಟ ಎಲ್ಲವೂ ಹಾಲಿವುಡ್ಡಿನವೇ. ಪ್ರೇಕ್ಷಕನ ಚಪ್ಪಾಳೆ ಮಾತ್ರ ನಾಯಿಯ ಕಡೆಗೆ. ತರ್ಕ ಕೇಳುವವರಿಗೆ ಈ ಚಿತ್ರ ಹೇಳಿದ್ದಲ್ಲ. ಆದರೂ ಹಿಂದಿಯಲ್ಲಿ ಮನೆಮಾತಾದ ಈ ನಾಯಿಯ ಕಥೆ ಹುಟ್ಟಿದ್ದು ಕನ್ನಡದಲ್ಲಿ ಎಂಬುದು ಕನ್ನಡಿಗರಿಗೇ ಅಷ್ಟಾಗಿ ತಿಳಿದಿಲ್ಲ.

‘ದಿ ಪ್ಯಾಕ್’ ಎತ್ತಿದ ಪ್ರಶ್ನೆಗೆ ಹತ್ತಿರ ಬಂದ ಕನ್ನಡ ಚಿತ್ರ 2022ರ ‘777 ಚಾರ್ಲಿ’. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶನದ, ರಕ್ಷಿತ್ ಶೆಟ್ಟಿ ನಟಿಸಿದ ಈ ಚಿತ್ರ ಭಯಾನಕದ್ದಲ್ಲ. ಆದರೆ ಹಣಕ್ಕಾಗಿ ತಳಿ ಬೆಳೆಸುವವರ ಕ್ರೌರ್ಯವೇ ಇದರ ಖಳನಾಯಕ.

ಚಿತ್ರಗಳು ಬೆಳೆಸಿದ ತಳಿಯ ಭಯ ಮುಂದೆ ಕಾನೂನಿನ ಅಂಗಳಕ್ಕೂ ಬಂತು. ರಾಟ್‌ವೈಲರ್ ಸೇರಿದಂತೆ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದುಗೊಳಿಸಿತು.