ಸುಟ್ಟ ಸಭಾಂಗಣ, ಉಳಿದ ಸಂಗೀತ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು. 1848ರ ಪ್ಯಾರಿಸ್ ಕ್ರಾಂತಿಯಿಂದ ನೆಲೆ ತಪ್ಪಿದ ಜರ್ಮನ್ ಪಿಯಾನೋ ವಾದಕ ಚಾರ್ಲ್ಸ್ ಹ್ಯಾಲೆ ಅಲ್ಲಿಗೆ ಬಂದರು. 1857ರ ಕಲಾ ಪ್ರದರ್ಶನಕ್ಕೆಂದು ವಾದಕರನ್ನು ಕೂಡಿಸಿದರು. ಪ್ರದರ್ಶನ ಮುಗಿದ ಮೇಲೆ ಅವರನ್ನು ಚದುರಲು ಬಿಡದೆ, 1858ರ ಜನವರಿ 30ರಂದು ಫ್ರೀ ಟ್ರೇಡ್ ಹಾಲ್‌ನಲ್ಲಿ ಹ್ಯಾಲೆ ವಾದ್ಯವೃಂದದ ಮೊದಲ ಕಛೇರಿ ನಡೆಸಿದರು. ಅದೇ ವರ್ಷ ಗಾನವೃಂದವೂ ಹುಟ್ಟಿತು.

1940ರ ಡಿಸೆಂಬರಿನಲ್ಲಿ ಬಾಂಬ್ ದಾಳಿಗೆ ಸಿಕ್ಕಿ ಸಭಾಂಗಣ ಸುಟ್ಟುಹೋಯಿತು. 1943ರ ಜೂನ್‌ನಲ್ಲಿ ನ್ಯೂಯಾರ್ಕಿನಿಂದ ಬಂದ ಜಾನ್ ಬಾರ್ಬಿರೋಲಿಗೆ ಸಿಕ್ಕವರು ಸುಮಾರು 30 ವಾದಕರು ಮಾತ್ರ. ಅವರು ಎದೆಗುಂದಲಿಲ್ಲ. ಮುಖ್ಯ ಕೊಳಲನ್ನು ಒಬ್ಬ ಶಾಲಾ ಬಾಲಕನಿಗೂ, ಹಾರ್ನ್ ವಾದ್ಯವನ್ನು ಒಬ್ಬ ಶಿಕ್ಷಕಿಗೂ ಒಪ್ಪಿಸಿದರು. ಜುಲೈ 5ರಂದು ಬ್ರಾಡ್‌ಫರ್ಡಿನಲ್ಲಿ ಹೊಸ ವೃಂದ ನುಡಿಸಿತು. ಸಭಾಂಗಣ ಮತ್ತೆ ತೆರೆದದ್ದು 1951ರಲ್ಲಿ.

ಗಾನವೃಂದದವರು ಸಂಬಳವಿಲ್ಲದೆ, ಪ್ರೀತಿಯಿಂದ ಹಾಡುವವರು. ಸಂತ ನ್ಯೂಮನ್‌ರ ಕವಿತೆಗೆ ಎಲ್ಗರ್ ಸಂಗೀತ ಕೊಟ್ಟ ‘ದ ಡ್ರೀಮ್ ಆಫ್ ಜೆರಾಂಷಿಯಸ್’ ಕೃತಿಯನ್ನು 1964ರಲ್ಲಿ ಬಾರ್ಬಿರೋಲಿ ಧ್ವನಿಮುದ್ರಿಸಿದಾಗ ಇವರೂ ಹಾಡಿದರು. ಸಾಯುವ ಮನುಷ್ಯನ ಆತ್ಮ ದೇವರ ಮುಂದೆ ನಿಲ್ಲುವ ಕಥೆ ಅದು.

ಗೋಡೆಗಳು ಬಿದ್ದಾಗಲೂ ಸಂಗೀತ ಉಳಿದದ್ದು, ಇದ್ದವರು ಇದ್ದಷ್ಟನ್ನೇ ಹಿಡಿದು ಒಟ್ಟಿಗೆ ನಿಂತದ್ದರಿಂದ. ಬಂಧುಗಳೇ, ನಮ್ಮ ಮನೆಗಳಿಗೂ ಈ ಮಾತು ಸಲ್ಲುತ್ತದೆ.